ರಕ್ತದ ಡೇರಿ

ಕಾಯುವುದು ನನಗೆ ಹುಟ್ಟಿನಿಂದಲೂ ಬರುವುದಿಲ್ಲ. ಬಸ್ಸು ತಡವಾದರೆ ಮುಂದಿನ ಸ್ಟಾಪಿನವರೆಗೆ ನಡೆದುಬಿಡುವವಳು ನಾನು. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಅತ್ತ ಹೋಗಿ, ಉಕ್ಕಿದ ಮೇಲೆ ಬೈಸಿಕೊಂಡು ಬೆಳೆದವಳು. ಇಂಥವಳಿಗೆ ಸರ್ಕಾರಿ ಆರೋಗ್ಯ ಸಂಸ್ಥೆಯೊಂದರ ದುಡ್ಡಿನಲ್ಲಿ ನಡೆಯುವ ಸಂಶೋಧನೆಯ ಸಂಯೋಜಕಿ ಎಂಬ ಕೆಲಸ ಸಿಕ್ಕಿತು. ಕೊಟ್ಟವರು ನನ್ನ ಬಗ್ಗೆ ಸರಿಯಾಗಿ ವಿಚಾರಿಸಿರಲಿಲ್ಲ ಎಂದು ಕಾಣುತ್ತದೆ. ಆ ಕೆಲಸದಲ್ಲಿ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು.

ಕುರಿ, ಮೇಕೆ, ದನಗಳು ದಿನ ತುಂಬುವ ಮೊದಲೇ ಕಂದು ಹಾಕುವ ಒಂದು ಕಾಯಿಲೆಯಿದೆ. ಅದಕ್ಕೆ ಕಂದು ರೋಗ ಎಂದೇ ಹೆಸರು. ಸಾಕುವವರಿಗೂ ಅದು ತಗಲುತ್ತದೆ, ಆದರೆ ಮನುಷ್ಯರಲ್ಲಿ ಅದರ ಚಾಳಿಯೇ ಬೇರೆ. ಸಂಜೆ ಜ್ವರ ಬರುತ್ತದೆ, ಬೆಳಗಾದರೆ ಇರುವುದಿಲ್ಲ. ಬೆನ್ನು, ಕೀಲು ನೋಯುತ್ತವೆ. ಕೆಲವು ವಾರ ಬಿಟ್ಟುಕೊಟ್ಟಂತೆ ಮಾಡಿ ಮತ್ತೆ ಹಿಡಿಯುತ್ತದೆ. ನೋಡಿದವರ ಕಣ್ಣಿಗೆ ಮಾತ್ರ ಮನುಷ್ಯ ಗಟ್ಟಿಯಾಗಿಯೇ ಕಾಣುತ್ತಾನೆ. ಹಿರಿಯೂರು, ಹೊಸದುರ್ಗ ತಾಲ್ಲೂಕಿನ ಕುರಿ ಸಾಕುವ ಊರುಗಳಲ್ಲಿ ಜನರ ರಕ್ತ ತೆಗೆದು, ಎಷ್ಟು ಮಂದಿಗೆ ಈ ಸೋಂಕು ತಗಲಿದೆ ಎಂದು ನೋಡುವುದು ನಮ್ಮ ಕೆಲಸ. ಅದಕ್ಕೆ ಬಳಸುತ್ತಿದ್ದ ಪರೀಕ್ಷೆಯೂ ಹೊಸದು. ಅದು ಎಷ್ಟರ ಮಟ್ಟಿಗೆ ನಂಬಿಕೆಗೆ ಯೋಗ್ಯ ಎಂದು ತಿಳಿಯುವುದೂ ಸಂಶೋಧನೆಯ ಭಾಗವೇ ಆಗಿತ್ತು. ಚಿತ್ರದುರ್ಗದಲ್ಲಿ ನಮಗೊಂದು ಕೋಣೆ, ಪಕ್ಕದಲ್ಲಿ ಲ್ಯಾಬು, ಬಾಡಿಗೆಯ ಜೀಪು. ಎಲ್ಲದಕ್ಕೂ ಮುಖ್ಯಸ್ಥರು ನಮ್ಮ ಡಾಕ್ಟರು. ನಿವೃತ್ತಿ ಹತ್ತಿರ ಬಂದಿದ್ದ, ದನಿ ಏರಿಸಿ ಮಾತನಾಡಿ ಗೊತ್ತೇ ಇಲ್ಲದ ಮನುಷ್ಯ ಅವರು.

ಸರ್ಕಾರಿ ಸಂಸ್ಥೆಗಳು ಸಂಶೋಧನೆಗೆ ದುಡ್ಡು ಕೊಡುವುದರಲ್ಲಿ ಎರಡು ಬಗೆಯಿದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಒಂದು ಅನುದಾನ. ಕೊಡುತ್ತಾರೆ, ನೀವು ಹೇಳಿದ ಕೆಲಸವನ್ನು ನೀವೇ ಮಾಡುತ್ತೀರಿ, ವರ್ಷದ ಕೊನೆಗೆ ವರದಿ ಒಪ್ಪಿಸುತ್ತೀರಿ. ಇನ್ನೊಂದು ಸಹಕಾರ ಒಪ್ಪಂದ. ಇದರಲ್ಲಿ ದುಡ್ಡಿನ ಜೊತೆಗೆ ಸಂಸ್ಥೆಯೂ ಬರುತ್ತದೆ. ಯಾವ ಊರು, ಯಾವ ಪರೀಕ್ಷೆ, ಯಾರ ರಕ್ತ, ಏನನ್ನು ಯಾವಾಗ ಹೊರಗೆ ಹೇಳಬೇಕು ಎನ್ನುವುದರಲ್ಲೆಲ್ಲ ಅವರ ಅಧಿಕಾರಿಯದೂ ಒಂದು ಮಾತು ಇರುತ್ತದೆ. ಅವರು ಒಪ್ಪದೆ ಏನನ್ನೂ ಬದಲಾಯಿಸುವಂತಿಲ್ಲ. ಅನುದಾನವೆಂದರೆ ತವರಿನಿಂದ ಅಕ್ಕಿ ಬಂದ ಹಾಗೆ, ಸಹಕಾರ ಒಪ್ಪಂದವೆಂದರೆ ಅಕ್ಕಿಯ ಜೊತೆ ಅತ್ತೆಯೂ ಬಂದು ಅಡುಗೆಮನೆಯಲ್ಲಿ ಕೂತ ಹಾಗೆ ಎಂದು ನಾನು ಡಾಕ್ಟರಿಗೆ ಹೇಳಿದ್ದೆ. ಅವರು ನಕ್ಕರು. ನಮ್ಮದು ಎರಡನೆಯದಾಗಿತ್ತು.

ಜೀಪಿಗೆ ಒಂದು ಬೋರ್ಡು ಹಾಕಬೇಕೆಂಬುದೂ ಸಂಸ್ಥೆಯ ನಿಯಮ. ಇಂಗ್ಲಿಷಿನ ಒಕ್ಕಣೆ ಅವರೇ ಕಳಿಸಿದರು, ಕನ್ನಡ ಮಾಡಿದವಳು ನಾನು. 'ಸಹಕಾರ ಒಪ್ಪಂದದಡಿ ನಡೆಯುವ ರಕ್ತ ಪರೀಕ್ಷಾ ಸಂಶೋಧನೆ' ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದೆ. ಪದಕ್ಕೆ ಪದ ಸರಿಯಾಗಿಯೇ ಇತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ 'ಸಹಕಾರ' ಎಂಬ ಪದ ಎದ್ದು ಕಾಣುವುದು ಒಂದೇ ಗೋಡೆಯ ಮೇಲೆ, ಹಾಲಿನ ಡೇರಿಯ ಗೋಡೆಯ ಮೇಲೆ, ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಧರ್ಮಪುರದಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರು ನಮ್ಮ ಪಟ್ಟಿಯಲ್ಲಿತ್ತು. ಅರ್ಧ ಊರು ಕುರಿ ಸಾಕುತ್ತದೆ, ಉಳಿದವರು ಶೇಂಗಾ ಬೆಳೆಯುತ್ತಾರೆ, ಹಸು ಎಮ್ಮೆ ಎಲ್ಲರ ಮನೆಯಲ್ಲೂ ಇವೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಜನ ಸೇರುವ ಹೊತ್ತಿಗೆ ನಾವು ಅಲ್ಲೇ ಪಕ್ಕದಲ್ಲಿ ಮೇಜು ಹಾಕಿದೆವು. ತೆಗೆದ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನದೊಳಗೆ ಚಿತ್ರದುರ್ಗದ ಲ್ಯಾಬಿಗೆ ಮುಟ್ಟಿಸಬೇಕಾಗಿದ್ದರಿಂದ ಬೆಳಗಿನ ಹೊತ್ತೇ ಆಗಬೇಕಿತ್ತು. ಬೇರೆ ಊರುಗಳಲ್ಲಿ ರಕ್ತ ಎಂದ ಕೂಡಲೇ ಜನ ಹಿಂದೆ ಸರಿದಿದ್ದರು. ಇಲ್ಲಿ ಹಾಲಿನ ಕ್ಯಾನು ಕೈಯಲ್ಲಿ ಹಿಡಿದವರು ಆ ಸಾಲಿನಿಂದ ನೇರ ನಮ್ಮ ಸಾಲಿಗೆ ಬಂದು ನಿಂತರು. ನನಗೆ ಹೆಮ್ಮೆಯೋ ಹೆಮ್ಮೆ.

ಮೊದಲು ರಕ್ತ ಕೊಟ್ಟ ಹಿರಿಯರು ತೋಳಿಗೆ ಹತ್ತಿ ಒತ್ತಿಕೊಂಡು ಮೇಜಿನ ಮುಂದೆಯೇ ನಿಂತಿದ್ದರು. ನಮ್ಮ ನರ್ಸು ಮುಂದಿನವರನ್ನು ಕರೆದರೂ ಕದಲಲಿಲ್ಲ.

"ನಂದೆಷ್ಟು ಡಿಗ್ರಿ ಬಂತವ್ವಾ?" ಎಂದರು.

ಇಲ್ಲಿ ಗೊತ್ತಾಗುವುದಿಲ್ಲ, ದುರ್ಗಕ್ಕೆ ಹೋಗಬೇಕು ಎಂದು ನರ್ಸು ಹೇಳಿದಳು.

"ಡೇರ್ಯಾಗೆ ಹಿಂಗಾ ಹೇಳ್ತಾರೆ? ಹಾಲು ಹಾಕಿದ ಗಳಿಗೆಗೇ ಡಿಗ್ರಿ ನೋಡಿ ಚೀಟಿ ಕೊಡ್ತಾರೆ. ನಿಮ್ದೂ ಸಹಕಾರ ಅಂತ್ಲೇ ಬರ್ದೈತಲ್ಲ."

ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸಾಲಿನಲ್ಲಿದ್ದವರೆಲ್ಲ ಹಾಗೇ ತಿಳಿದಿದ್ದರು. ಡಿಗ್ರಿ ಎಂದರೆ ಹಾಲು ಎಷ್ಟು ಗಟ್ಟಿ ಎಂದು ಡೇರಿಯಲ್ಲಿ ಅಳೆಯುವ ಅಂಕಿ. ಹಾಲು ಹಾಕಿದರೆ ಡಿಗ್ರಿ, ರಕ್ತ ಹಾಕಿದರೂ ಡಿಗ್ರಿ. ಒಪ್ಪಂದ ಎಂದ ಮೇಲೆ ಅದು ತಮ್ಮ ಜೊತೆಗೇ ಆದದ್ದು ಎಂದೂ ತಿಳಿದಿದ್ದರು. ಅದು ದೆಹಲಿಯಲ್ಲಿರುವ ಸಂಸ್ಥೆಗೂ ನಮ್ಮ ಡಾಕ್ಟರಿಗೂ ನಡುವೆ ಆದ ಒಪ್ಪಂದ, ನೀವು ಅದರಲ್ಲಿ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಫಲಿತಾಂಶವನ್ನು ಒಬ್ಬೊಬ್ಬರಿಗೆ ಹೇಳುವುದಿಲ್ಲ, ಎಲ್ಲವನ್ನೂ ಒಟ್ಟು ಮಾಡಿ ಪ್ರಕಟಿಸುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲಿ ಇತ್ತು. ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ಯಾರಿಗೂ ಅದು ಕೇಳಿಸಿದಂತಿರಲಿಲ್ಲ. ಅಂದಿನಿಂದ ಆ ಕಡೆ ನಮ್ಮ ಜೀಪಿಗೆ ರಕ್ತದ ಡೇರಿ ಎಂದೇ ಹೆಸರಾಯಿತು.

ಕುರಿ ಸಾಕುವ ಮನೆಯ ಸೊಸೆಯೊಬ್ಬಳು ಬಂದದ್ದು ಆ ದಿನವೇ. ಮೂವತ್ತರ ಆಸುಪಾಸಿನವಳು, ಜೊತೆಗೆ ಅವಳ ಅತ್ತೆ. ಗಂಡ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೊಲಗಳಲ್ಲಿ ತಂಗಲು ಹೋಗಿದ್ದ. ಗಬ್ಬದ ಕುರಿಗಳನ್ನೂ ಮರಿಗಳನ್ನೂ ಊರಿನ ರೊಪ್ಪದಲ್ಲಿ, ಅಂದರೆ ಬೇಲಿ ಹಾಕಿದ ಕುರಿದೊಡ್ಡಿಯಲ್ಲಿ, ಈ ಇಬ್ಬರು ಹೆಂಗಸರೇ ನೋಡಿಕೊಳ್ಳುತ್ತಿದ್ದರು. ಕುರಿ ಕಂದು ಹಾಕಿದರೆ ಎತ್ತಿ ಹೂಳುವವಳೂ ಇವಳೇ. ಎಷ್ಟೋ ತಿಂಗಳಿಂದ ಸಂಜೆಯಾದರೆ ಜ್ವರ ಎಂದಳು. ಹಿರಿಯೂರಿನಲ್ಲಿ ಟೈಫಾಯಿಡ್ ಎಂದು ಒಮ್ಮೆ ಮಾತ್ರೆ ಕೊಟ್ಟಿದ್ದರಂತೆ, ನಿಂತಿರಲಿಲ್ಲ. ನರ್ಸು ಥರ್ಮಾಮೀಟರ್ ಇಟ್ಟು ನೋಡಿದಳು. ಜ್ವರವಿರಲಿಲ್ಲ.

"ನೋಡ್ರಿ, ಹೆಂಗವ್ಳೆ," ಎಂದಳು ಅತ್ತೆ. "ಬೆಳಿಗ್ಗೆ ಏನೂ ಇರಲ್ಲ. ಸಂಜೆ ರೊಪ್ಪದ ಹಿಕ್ಕೆ ಗುಡ್ಸೋ ಹೊತ್ತಿಗೆ ಸರ್ಯಾಗಿ ಬರ್ತೈತೆ ಇವಳ ಜ್ವರ."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅತ್ತೆ ಕೆಟ್ಟವಳೇನಲ್ಲ. ಮಂಡಿ ಹಿಡಿದುಕೊಂಡಿದ್ದ ಕಾಲನ್ನೇ ಎಳೆದುಕೊಂಡು ಸೊಸೆಯ ಪಾಲಿನ ಕೆಲಸವನ್ನೂ ಮಾಡಿ ಮಾಡಿ ಸಾಕಾಗಿದ್ದಳು, ಅಷ್ಟೆ. ಆದರೆ ಆ ನಗು ಕೇಳಿದಾಗ ಸೊಸೆಯ ಮುಖ ಬಾಡಿದ ರೀತಿ ನನಗೆ ಸಹಿಸಲಾಗಲಿಲ್ಲ. ಥರ್ಮಾಮೀಟರಿನಲ್ಲಿ ಜ್ವರ ಕಂಡವರನ್ನು ಮಾತ್ರ ತಾಲ್ಲೂಕು ಆಸ್ಪತ್ರೆಗೆ ಕಳಿಸಬಹುದೆಂದು ನಮ್ಮ ನಿಯಮ. ನಾವು ಹೋಗುವುದು ಬೆಳಿಗ್ಗೆ, ಇವಳಿಗೆ ಜ್ವರ ಬರುವುದು ಸಂಜೆ.

ಅವಳು ಜೀಪಿನ ಹಿಂದಕ್ಕೆ ಬಂದು, ಅತ್ತೆಗೆ ಕೇಳಿಸದಂತೆ ಹೇಳಿದಳು. "ಔಷ್ಧಿ ಬ್ಯಾಡಕ್ಕ ನಂಗೆ. ಮೈಗಳ್ಳಿ ಅನ್ನಿಸ್ಕಂಡು ಸಾಕಾಗೈತೆ. ಇವ್ಳಿಗೆ ಕಾಯ್ಲೆ ಐತೆ ಅಂತ ನಮ್ಮತ್ತೆ ಮುಂದೆ ಒಂದು ಮಾತು ಹೇಳ್ರಿ, ಅಷ್ಟೇ ಸಾಕು."

"ಹೇಳ್ತೀನಿ," ಎಂದೆ. "ರಿಸಲ್ಟ್ ಬಂದ ತಕ್ಷಣ ನಾನೇ ಬಂದು ಹೇಳ್ತೀನಿ."

ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಕೊಟ್ಟದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ.

ಲ್ಯಾಬಿನ ಕೆಲಸ ಬೇಗನೇ ಮುಗಿಯಿತು. ಫಲಿತಾಂಶಗಳೆಲ್ಲ ಕಂಪ್ಯೂಟರಿನಲ್ಲಿ ಬಂದು ಕೂತವು, ಆದರೆ ಹೆಸರಿನ ಬದಲು ಬರೀ ಸಂಕೇತಗಳು. ಯಾವ ಸಂಕೇತ ಯಾರದು ಎಂಬ ಕೀಲಿ ಡಾಕ್ಟರ ಬಳಿ ಭದ್ರವಾಗಿತ್ತು. ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ.

"ನೋಡಮ್ಮ, ಇದು ಅನುದಾನ ಆಗಿದ್ರೆ ನಮ್ಮ ನೈತಿಕ ಸಮಿತಿಗೆ ಒಂದು ಮಾತು ಹೇಳಿ ನಾನೇ ಕೊಟ್ಟುಬಿಡ್ತಿದ್ದೆ," ಎಂದರು ಅವರು. "ಇದರಲ್ಲಿ ಹಂಗಾಗಲ್ಲ. ಅವರೂ ಒಪ್ಪಬೇಕು. ಬರಿ, ಕಳಿಸಾಣ."

ಬರೆದೆ. ರಕ್ತ ಕೊಟ್ಟವರಿಗೆ ಅವರವರ ಫಲಿತಾಂಶ ತಿಳಿಸಲು ಯೋಜನೆಯಲ್ಲಿ ತಿದ್ದುಪಡಿ ಬೇಕೆಂದು, ಆದಷ್ಟೂ ವಿನಯದಿಂದ. ಉತ್ತರ ಬರಲಿಲ್ಲ. ನೆನಪೋಲೆ ಬರೆದೆ. ಪರಿಶೀಲನೆಯಲ್ಲಿದೆ ಎಂದು ಬಂತು. ಬೆಳಿಗ್ಗೆ ಎದ್ದವಳೇ ಮೊದಲು ಮೇಲ್ ನೋಡುತ್ತಿದ್ದೆ, ಆಮೇಲೆ ಹಲ್ಲುಜ್ಜುತ್ತಿದ್ದೆ. ಆಫೀಸಿನಲ್ಲಿ ಕುರ್ಚಿಗೆ ಮುಳ್ಳಿಟ್ಟ ಹಾಗೆ ಆಗಿ, ಕಾರಣವಿಲ್ಲದೆ ಲ್ಯಾಬಿಗೂ ಕೋಣೆಗೂ ಓಡಾಡುತ್ತಿದ್ದೆ. ನೀವು ಇಷ್ಟು ಓಡಾಡಿದ್ದನ್ನು ನೇರ ದಾರಿಯಲ್ಲಿ ನಡೆದಿದ್ದರೆ ಇಷ್ಟೊತ್ತಿಗೆ ದೆಹಲಿ ಮುಟ್ಟುತ್ತಿದ್ದಿರಿ ಎಂದು ನರ್ಸು ರೇಗಿಸುತ್ತಿದ್ದಳು.

ಕೊನೆಗೆ ಸಂಸ್ಥೆಯ ಅಧಿಕಾರಿ ವಿಡಿಯೋದಲ್ಲಿ ಮಾತಿಗೆ ಸಿಕ್ಕರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತು ಅಳೆದು ತೂಗಿ. ಈ ಪರೀಕ್ಷೆಯೇ ಇನ್ನೂ ಪರೀಕ್ಷೆಯಲ್ಲಿದೆ ಎಂದರು. ಸೋಂಕು ಇದೆ ಎಂದು ತಪ್ಪಾಗಿ ಹೇಳಿದರೆ ಬೇಡದ ಔಷಧಿಯನ್ನು ವಾರಗಟ್ಟಲೆ ನುಂಗುತ್ತಾರೆ. ಇಲ್ಲ ಎಂದು ತಪ್ಪಾಗಿ ಹೇಳಿದರೆ ಕಾಯಿಲೆಯಿದ್ದವರು ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ. ಹೇಳುವುದೇ ಆದರೆ, ಇಲ್ಲ ಎಂದು ಬಂದವರಿಗೆ ಎರಡನೇ ವಾಕ್ಯವೊಂದನ್ನು ಸೇರಿಸಲೇಬೇಕು: ಇದರ ಅರ್ಥ ಕಾಯಿಲೆ ಇಲ್ಲವೆಂದಲ್ಲ. ಹಾಗೂ ಆಯಾ ವ್ಯಕ್ತಿಗೆ ಮಾತ್ರ, ಬೇರೆಯವರ ಮುಂದಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲ ಎಂದು ಹೇಳಿ, ಮರುಗಳಿಗೆಗೆ ಇಲ್ಲವೆಂದಲ್ಲ ಎಂದರೆ ನಮ್ಮ ಜನ ಏನೆಂದು ತಿಳಿದುಕೊಳ್ಳಬೇಕು ಎಂದು ಕೇಳಿದೆ. ರಕ್ತ ಕೊಟ್ಟು ಕಾಯುತ್ತಿರುವವರು ಅವರು, ನಾವಲ್ಲ ಎಂದೂ ಹೇಳಿದೆ. ಡಾಕ್ಟರು ಮೇಜಿನ ಕೆಳಗೆ ನನ್ನ ಸೆರಗು ಜಗ್ಗುವುದೊಂದೇ ಬಾಕಿ. ಅಧಿಕಾರಿ ಶಾಂತವಾಗಿಯೇ ಕೇಳಿಸಿಕೊಂಡರು. ಸಮಿತಿಯ ಮುಂದೆ ಇಡುತ್ತೇನೆ ಎಂದರು. ಜಗಳವಾಡುವವರ ಜೊತೆ ಜಗಳವಾಡಬಹುದು. ಸಮಿತಿಯ ಮುಂದೆ ಇಡುತ್ತೇನೆ ಎನ್ನುವವರ ಜೊತೆ ಏನು ಮಾಡಲಿಕ್ಕೂ ಬರುವುದಿಲ್ಲ.

ಆ ನಡುವೆ ಅದೇ ಅಧಿಕಾರಿ ಇನ್ನೊಂದು ಬದಲಾವಣೆ ಹೇಳಿದ್ದರು. ಕುರಿಯ ಸಹವಾಸವೇ ಇಲ್ಲದವರ ರಕ್ತವನ್ನೂ ತೆಗೆದು ಹೋಲಿಸಿ ನೋಡಬೇಕೆಂದು. ಹಾಗಾಗಿ ಹೊಳಲ್ಕೆರೆಯ ಅಡಿಕೆ ಮಂಡಿಗಳಿಗೆ ಹೋದೆವು. ಮಂಡಿಯವರೊಬ್ಬರು ತೋಳು ಚಾಚುತ್ತಲೇ, "ನಮ್ಮ ಮನೇಲಿ ಕುರಿ ಚಿತ್ರಾನೂ ಇಲ್ಲ ಕಣ್ರಿ, ನಂದ್ಯಾಕೆ?" ಎಂದರು. ಅದಕ್ಕೇ ಬೇಕು ಎಂದು ಹೇಳಿದರೆ ಅವರಿಗೆ ಇನ್ನಷ್ಟು ಅನುಮಾನ. ಹೊಳಲ್ಕೆರೆ ನನ್ನ ತವರೂ ಹೌದು. ಊಟಕ್ಕೆ ಮನೆಗೆ ಹೋದರೆ ಅವ್ವ ರೊಟ್ಟಿ ಬಡಿಸಿ ಎದುರಿಗೆ ಕೂತಳು. "ನಮ್ಮ ವಂಶದಾಗೆ ಕುರಿ ತಿಂದವ್ರಿಲ್ಲ. ನೀನು ತಿನ್ನದಿದ್ರೂ ಅವುಗಳ ಹಿಂದೆ ಸುತ್ತೋದು ಬಿಡಲಿಲ್ಲ ನೋಡು," ಎಂದು ನಕ್ಕಳು. ಆಮೇಲೆ, "ಒಂದು ಗಳಿಗೆ ಕುಂತು ಉಣ್ಣೇ. ಯಾರು ಅಟ್ಟಿಸ್ಕಂಡು ಬರ್ತಾವ್ರೆ?" ಎಂದಳು.

ಯಾರು ಎಂದು ಹೇಳಲಿ? ಧರ್ಮಪುರದ ಕಡೆಯಿಂದ ನಮ್ಮ ಜೀಪಿನ ಡ್ರೈವರಿಗೆ ಫೋನು ಬರುತ್ತಿತ್ತು. ಆ ಸೊಸೆಯದೇ. ರಕ್ತದ ಡೇರಿಯವರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಳಂತೆ. ಇನ್ನೂ ಇಲ್ಲ ಎಂದು ಹೇಳಿ ಹೇಳಿ ಡ್ರೈವರಿಗೇ ಬೇಜಾರಾಗಿತ್ತು. ನಾನು ಮಾತ್ರ ಅವಳಿಗೆ ಒಮ್ಮೆಯೂ ಫೋನು ಮಾಡಲಿಲ್ಲ. ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ.

ಒಪ್ಪಿಗೆ ಬಂದದ್ದು, ನಾನು ಮೇಲ್ ನೋಡುವುದನ್ನು ಮರೆತ ದಿನ. ಡಾಕ್ಟರೇ ಕರೆದು ಹೇಳಿದರು. ಎರಡನೇ ವಾಕ್ಯ ಅಧಿಕಾರಿ ಹೇಳಿದಂತೆಯೇ ಇತ್ತು, ಒಂದಕ್ಷರ ಬದಲಾಗಿರಲಿಲ್ಲ. ಸಂಕೇತಗಳಿಗೆ ಹೆಸರು ಕೂಡಿಸಿದರು. ನಾನು ಬೇರೆ ಯಾರದನ್ನೂ ನೋಡದೆ ಅವಳ ಹೆಸರು ಹುಡುಕಿದೆ. ಎದುರಿಗೆ 'ಇಲ್ಲ' ಎಂದಿತ್ತು.

ಒಬ್ಬರಿಗೆ ರೋಗವಿರಲಿ ಎಂದು ನಾನು ಒಳಗೊಳಗೇ ಹರಕೆ ಹೊತ್ತಂತೆ ಇದ್ದೆ ಎಂದು ಗೊತ್ತಾದದ್ದು ಆಗಲೇ. ಇದ್ದಿದ್ದರೆ ಸಲೀಸಾಗಿತ್ತು. ಔಷಧಿಯಿದೆ, ವಾಸಿಯಾಗುತ್ತದೆ, ಅತ್ತೆಯ ಬಾಯಿ ಮುಚ್ಚುತ್ತದೆ. ಆಮೇಲೆ ಪಟ್ಟಿ ಪೂರ್ತಿ ನೋಡಿದರೆ, ಕಾಯಿಲೆಯವರಂತೆ ಕಾಣದವರಿಗೆಲ್ಲ 'ಇದೆ' ಎಂದು ಬಂದಿತ್ತು. ಡಿಗ್ರಿ ಕೇಳಿದ್ದ ಆ ಹಿರಿಯರಿಗೂ ಇತ್ತು. ಇವಳಿಗಿಲ್ಲ.

ಆ ಊರಿಗೆ ಜೀಪು ಮತ್ತೆ ಹೋಗುವುದು ಮುಂದಿನ ತಿಂಗಳು. ಅಂದು ಅದು ಹೊಸದುರ್ಗದ ಕೆಲಸಕ್ಕೆ ಹೊರಟಿತ್ತು, ಹೊರಡುವ ಮೊದಲು ಡ್ರೈವರಿಂದ ಅವಳಿಗೆ ಫೋನು ಮಾಡಿಸಿ, ಬರುತ್ತೇನೆಂದು ಹೇಳಿಸಿದೆ. ಡಾಕ್ಟರಿಗೆ ಹೇಳಿ ನಾನು ಬಸ್ಸು ಹತ್ತಿದೆ. ಹಿರಿಯೂರಿನಲ್ಲಿ ಧರ್ಮಪುರದ ಬಸ್ಸಿಗೆ ಬದಲಿಸಿದೆ. ಅಲ್ಲಿಂದ ಆಟೋದಲ್ಲಿ ಹೋಗಿ ಇಳಿಯುವ ಹೊತ್ತಿಗೆ ಡೇರಿಯಲ್ಲಿ ಸಂಜೆಯ ಹಾಲು ಹಾಕುತ್ತಿದ್ದರು.

ಅವಳು ರೊಪ್ಪದಲ್ಲಿದ್ದಳು, ಕೈಯಲ್ಲಿ ಪೊರಕೆ. ನನ್ನನ್ನು ಕಂಡು ಪೊರಕೆ ಬಿಟ್ಟು ಬೇಲಿಯ ಹತ್ತಿರ ಬಂದಳು. ನಿಯಮದಂತೆ ಅವಳೊಬ್ಬಳಿಗೇ ಹೇಳಿದೆ. ಮೊದಲ ವಾಕ್ಯ ಹೇಳಿದೆ. ಯಾವುದರ ವಿರುದ್ಧ ಅಷ್ಟು ಕಿರುಚಾಡಿದ್ದೆನೋ ಆ ಎರಡನೇ ವಾಕ್ಯವನ್ನು ಎರಡು ಸಲ ಹೇಳಿದೆ.

ಮರಿಯೊಂದು ಅವಳ ಸೀರೆಯ ಅಂಚು ಜಗಿಯುತ್ತಿತ್ತು. ಬಿಡಿಸಿಕೊಂಡಳು.

"ಹಾಲಿಗೆ ಡಿಗ್ರಿ ಬರ್ಲಿಲ್ಲ ಅಂದ್ರೆ ನೀರು ಬೆರ್ಸವ್ಳೆ ಅಂತಾರಕ್ಕ," ಎಂದಳು. "ನಾನು ಏನೂ ಬೆರ್ಸಿಲ್ಲ."

ಅಷ್ಟರಲ್ಲಿ ಅತ್ತೆ ಕಾಲೆಳೆದುಕೊಂಡು ಬಂದಳು. ಬರ್ರಿ, ಕುಂತ್ಕಳ್ರಿ ಎಂದು ಉಪಚಾರ ಮಾಡಿ, ಏನು ಬಂತು ಎಂದು ಕೇಳಿದಳು. ನಾನು ಸೊಸೆಯ ಕಡೆ ನೋಡಿದೆ. ಹೇಳುವುದು ಬಿಡುವುದು ಸೊಸೆಗೆ ಸೇರಿದ್ದು.

"ಆ ರೋಗ ಇಲ್ವಂತೆ," ಎಂದಳು ಸೊಸೆ.

"ಹಂಗಂದ್ರೆ ಇನ್ನೇನಿಲ್ಲ ಬಿಡು."

"ಇನ್ನೇನೂ ಇಲ್ಲ ಅಂತಲ್ಲವ್ವ," ಎಂದೆ ನಾನು. "ಈ ಒಂದು ಪರೀಕ್ಷೇಲಿ ಸಿಕ್ಕಿಲ್ಲ, ಅಷ್ಟೇ."

"ಇಲ್ಲ ಅಂತೀರಿ, ಇಲ್ಲ ಅಂತಲ್ಲ ಅಂತೀರಿ. ಎರಡ್ರಾಗೆ ಒಂದು ಹೇಳ್ರಿ ತಾಯಿ." ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಸೊಸೆ ಪೊರಕೆ ಎತ್ತಿಕೊಳ್ಳಲು ಬಗ್ಗಿದಳು, ಬಗ್ಗಿದವಳು ಬೇಲಿಯ ಗೂಟ ಹಿಡಿದುಕೊಂಡಳು. ನಾನು ಆಸರೆಗೆಂದು ಅವಳ ತೋಳು ಹಿಡಿದೆ. ಬಿಸಿ ತಾಗಿತು. ಅವತ್ತು ಬೆಳಿಗ್ಗೆ ಡೇರಿಯ ಪಕ್ಕದಲ್ಲಿ ನಾನು ನೋಡಿದ್ದ ಮೈಯೇ ಅಲ್ಲ ಅದು. ಥರ್ಮಾಮೀಟರ್ ಜೀಪಿನಲ್ಲಿತ್ತು, ಜೀಪು ಹೊಸದುರ್ಗದಲ್ಲಿತ್ತು. ಬರೆದುಕೊಳ್ಳಲು ಹಾಳೆಯೂ ಇರಲಿಲ್ಲ, ಬರೆದುಕೊಂಡಿದ್ದರೂ ಅದು ದೆಹಲಿಗೆ ಹೋಗಬೇಕಿತ್ತು. ನನಗೆ ತಾಳ್ಮೆಯೆಲ್ಲ ಮುಗಿದುಹೋಯಿತು. ಅತ್ತೆಯ ಕೈ ಹಿಡಿದು ಎಳೆದು, "ಮುಟ್ಟಿ ನೋಡ್ರಿ," ಎಂದೆ.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸೊಸೆಯ ಹಣೆಯ ಮೇಲೆ ಅಂಗೈ ಇಟ್ಟಳು. ತೆಗೆದು, ಕೈ ತಿರುಗಿಸಿ ಕತ್ತಿನ ಬದಿಗೆ ಇಟ್ಟಳು. ಅಲ್ಲೇ ಇಟ್ಟುಕೊಂಡು ನಿಂತಳು.

"ಕಾದೈತೆ," ಎಂದಳು, ಯಾರಿಗೂ ಅಲ್ಲದಂತೆ. ಆಮೇಲೆ ಸೊಸೆಯ ಮುಖ ನೋಡಿದಳು. "ಇಷ್ಟು ಕಾದೈತಲ್ಲೇ. ಯಾವಾಗ್ಲಿಂದ?"

ತಿಂಗಳುಗಟ್ಟಲೆ ಪ್ರತಿ ಸಂಜೆಯೂ ಅದನ್ನೇ ಹೇಳುತ್ತ ಬಂದಿದ್ದ ಅವಳು ಅತ್ತೆಯ ಕೈಯನ್ನು ಕತ್ತಿನಿಂದ ಸರಿಸಲಿಲ್ಲ.

"ಇವತ್ತೇ ಅತ್ತೆ," ಎಂದಳು. "ಈಗ ಸ್ವಲ್ಪ ಹೊತ್ತಿಂದ."